ರೈನ್ ನದಿಯ ದೋಣಿಯಲ್ಲಿ ಹೋದ ಹಾಳೆಗಳು

1525ರಲ್ಲಿ ಜರ್ಮನಿಯ ಕಲೋನ್ ಪಟ್ಟಣದ ಒಂದು ಅಚ್ಚುಕೂಟದಲ್ಲಿ ಗುಟ್ಟಿನ ಕೆಲಸ ನಡೆದಿತ್ತು. ಮಾಲೀಕನ ಹೆಸರು ಪೀಟರ್ ಕ್ವೆಂಟೆಲ್. ಯೋಹಾನ್ ಕೊಖ್ಲೇಯಸ್ ಎಂಬ ಕ್ಯಾಥೊಲಿಕ್ ಪಂಡಿತನೂ ಅಲ್ಲೇ ತನ್ನ ಪುಸ್ತಕದ ಕೆಲಸ ಮಾಡಿಸುತ್ತಿದ್ದ. ರಾಜ ಒಪ್ಪಲಿ ಬಿಡಲಿ, ಇಂಗ್ಲೆಂಡ್ ಬೇಗನೆ ಪೋಪ್‌ಗೆ ಎದುರುನಿಂತ ಜರ್ಮನ್ ಮತಸುಧಾರಕ ಲೂಥರನ ಕಡೆಗೆ ತಿರುಗಲಿದೆ ಎಂದು ಕೆಲಸಗಾರರು ಜಂಬ ಕೊಚ್ಚಿಕೊಳ್ಳುವುದು ಅವನ ಕಿವಿಗೆ ಬಿತ್ತು. ಕೊಖ್ಲೇಯಸ್ ಅವರನ್ನು ತನ್ನ ಬಿಡಾರಕ್ಕೆ ಕರೆದು ವೈನ್ ಕುಡಿಸಿದ. ಅಮಲೇರಿದ ಮೇಲೆ ಒಬ್ಬ ಬಾಯಿಬಿಟ್ಟ: ಇಂಗ್ಲಿಷ್ ಭಾಷೆಯಲ್ಲಿ ಹೊಸ ಒಡಂಬಡಿಕೆ ಅಚ್ಚಾಗುತ್ತಿದೆ, ಮೂರು ಸಾವಿರ ಪ್ರತಿ, ಹತ್ತನೆಯ ಫಾರಂವರೆಗೆ ಮುಗಿದಿದೆ, ಹಣ ಇಂಗ್ಲಿಷ್ ವರ್ತಕರದು. ಕೊಖ್ಲೇಯಸ್ ನೇರವಾಗಿ ಪಟ್ಟಣದ ಅಧಿಕಾರಸ್ಥರ ಬಳಿಗೆ ಹೋದ. ಕೆಲಸಕ್ಕೆ ತಡೆ ಬಿತ್ತು. ಆದರೆ ಅನುವಾದಕ ವಿಲಿಯಂ ಟಿಂಡೇಲ್ ಮತ್ತು ಅವನ ಸಹಾಯಕ ವಿಲಿಯಂ ರಾಯ್ ಅಚ್ಚಾದ ಹಾಳೆಗಳನ್ನು ಎತ್ತಿಕೊಂಡು ರೈನ್ ನದಿಯಲ್ಲಿ ದೋಣಿ ಹತ್ತಿ, ಪ್ರವಾಹಕ್ಕೆ ಎದುರಾಗಿ ವೋರ್ಮ್ಸ್ ಪಟ್ಟಣದ ಕಡೆಗೆ ತಪ್ಪಿಸಿಕೊಂಡುಬಿಟ್ಟಿದ್ದರು.

ಆ ಕಲೋನ್ ಹಾಳೆಗಳಲ್ಲಿ ಮತ್ತಾಯನ ಸುವಾರ್ತೆಯ ಇಪ್ಪತ್ತೆರಡನೆಯ ಅಧ್ಯಾಯದವರೆಗಿನ ಒಂದೇ ಒಂದು ಪ್ರತಿ ಇಂದು ಉಳಿದಿದೆ. ಅದರ ಮುನ್ನುಡಿಯ ಒಂದು ಭಾಗ ಲೂಥರನ ಜರ್ಮನ್ ಮುನ್ನುಡಿಯಿಂದ ಬಂದದ್ದು. ಇಂಗ್ಲಿಷ್ ಗದ್ಯದ ಚರಿತ್ರೆಯನ್ನು ಬರೆಯುವವರು ಷೇಕ್ಸ್‌ಪಿಯರನ ಲಂಡನ್ನಿನಿಂದ ಹೊರಡುವುದು ವಾಡಿಕೆ. ನನಗಾದರೋ ಅದರ ನಿಜವಾದ ಹುಟ್ಟು ಈ ದೋಣಿಯಲ್ಲಿ ಕಾಣುತ್ತದೆ. ಜರ್ಮನ್ ನೆಲ, ಜರ್ಮನ್ ಅಚ್ಚುಮೊಳೆ, ಇಂಗ್ಲಿಷ್ ವರ್ತಕರ ಹಣ, ಬೆನ್ನ ಹಿಂದೆ ಬೆಂಕಿಯ ಭಯ.

ಅಷ್ಟು ಭಯ ಏಕೆಂದರೆ, ಇಂಗ್ಲೆಂಡಿನಲ್ಲಿ ಕಾನೂನು ಬಹಳ ಬಿಗಿಯಾಗಿತ್ತು. ಹದಿನಾಲ್ಕನೆಯ ಶತಮಾನದ ಕೊನೆಗೆ ಜಾನ್ ವಿಕ್ಲಿಫ್‌ನ ಅನುಯಾಯಿಗಳು ಬೈಬಲನ್ನು ಇಂಗ್ಲಿಷಿಗೆ ತಂದು ಕೈಬರಹದ ಪ್ರತಿಗಳನ್ನು ಹಂಚಿದ್ದರು. ಅದಕ್ಕೆ ಉತ್ತರವಾಗಿ ಆರ್ಚ್‌ಬಿಷಪ್ ಅರುಂಡೆಲ್ 1409ರಲ್ಲಿ ಜಾರಿಗೆ ತಂದ ನಿಯಮಗಳ ಪ್ರಕಾರ, ಬಿಷಪ್ಪರ ಅಪ್ಪಣೆಯಿಲ್ಲದೆ ಬೈಬಲಿನ ಯಾವ ಭಾಗವನ್ನೂ ಇಂಗ್ಲಿಷಿಗೆ ತರುವಂತಿರಲಿಲ್ಲ, ಅಂತಹ ಅನುವಾದವನ್ನು ಓದುವಂತೆಯೂ ಇರಲಿಲ್ಲ. ಜರ್ಮನ್ ನಾಡುಗಳ ಸ್ಥಿತಿ ಬೇರೆಯಾಗಿತ್ತು. ಅಲ್ಲಿ 1466ರಲ್ಲೇ ಸ್ಟ್ರಾಸ್‌ಬುರ್ಗಿನ ಮೆಂಟೆಲಿನ್ ಜರ್ಮನ್ ಬೈಬಲನ್ನು ಅಚ್ಚುಹಾಕಿದ್ದ. ಲೂಥರನಿಗೆ ಮೊದಲೇ ಹದಿನೆಂಟು ಜರ್ಮನ್ ಬೈಬಲುಗಳು ಅಚ್ಚಾಗಿದ್ದವು. ಅವು ಲ್ಯಾಟಿನ್ನಿನಿಂದ ಮಾಡಿದ ಅನುವಾದಗಳು. ಲ್ಯಾಟಿನ್ನಿನ ವಾಕ್ಯಕಟ್ಟು ಹಾಗೆಯೇ ಉಳಿದುಕೊಂಡಿದ್ದರಿಂದ ಅವುಗಳ ಜರ್ಮನ್ ಯಾರ ಬಾಯಿಯ ಮಾತೂ ಆಗಿರಲಿಲ್ಲ.

ಲೂಥರ್ ಜರ್ಮನ್ ಅನುವಾದಕ್ಕೆ ಕೈಹಾಕಿದ್ದು ತಲೆಮರೆಸಿಕೊಂಡಿದ್ದಾಗ. 1521ರ ಏಪ್ರಿಲ್‌ನಲ್ಲಿ ವೋರ್ಮ್ಸ್‌ನ ಸಭೆಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಎದುರು ನಿಂತು ತನ್ನ ಬರಹಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಆತ ನಿರಾಕರಿಸಿದ್ದ. ಹಿಂತಿರುಗುವ ದಾರಿಯಲ್ಲಿ ಸ್ಯಾಕ್ಸನಿಯ ದೊರೆ ಫ್ರೆಡರಿಕ್‌ನ ಕುದುರೆ ಸವಾರರು ಅವನನ್ನು ಅಪಹರಿಸಿದಂತೆ ನಟಿಸಿ ವಾರ್ಟ್‌ಬುರ್ಗ್ ಕೋಟೆಗೆ ಕರೆದೊಯ್ದರು. ಸನ್ಯಾಸಿಯಾಗಿದ್ದ ಲೂಥರ್ ಗಡ್ಡ ಬಿಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಯೋರ್ಗ್ ಎಂಬ ಸರದಾರನ ಹೆಸರಿನಲ್ಲಿ ಅಲ್ಲಿದ್ದ. ಆ ಚಳಿಗಾಲದಲ್ಲಿ, ಸುಮಾರು ಹನ್ನೊಂದು ವಾರಗಳಲ್ಲಿ, ಎರಾಸ್ಮಸ್ ಸಂಪಾದಿಸಿದ್ದ ಗ್ರೀಕ್ ಪಠ್ಯವನ್ನು ಮುಂದಿಟ್ಟುಕೊಂಡು ಹೊಸ ಒಡಂಬಡಿಕೆಯನ್ನು ಪೂರ್ತಿ ಜರ್ಮನ್ನಿಗೆ ತಂದ. 1522ರ ಸೆಪ್ಟೆಂಬರ್‌ನಲ್ಲಿ ವಿಟೆನ್‌ಬೆರ್ಗ್‌ನಲ್ಲಿ ಅದು ಅಚ್ಚಾಯಿತು. ಚಿತ್ರಕಾರ ಲೂಕಾಸ್ ಕ್ರಾನಾಖ್ ಪ್ರಕಾಶಕರಲ್ಲಿ ಒಬ್ಬ. ಕೊನೆಯ ಭಾಗವಾದ ಪ್ರಕಟನೆಯ ಪುಸ್ತಕಕ್ಕೆ ಮರದಚ್ಚಿನ ಚಿತ್ರಗಳೂ ಅವನ ಕಾರ್ಯಾಗಾರದವೇ. ಅದರಲ್ಲಿ ಬಾಬಿಲೋನಿನ ವೇಶ್ಯೆಯ ತಲೆಯ ಮೇಲೆ ಪೋಪ್‌ನ ಮೂರಂತಸ್ತಿನ ಕಿರೀಟವಿತ್ತು. ಗದ್ದಲವೆದ್ದು, ಡಿಸೆಂಬರ್‌ನ ಎರಡನೆಯ ಮುದ್ರಣದಲ್ಲಿ ಆ ಕಿರೀಟವನ್ನು ಕೆತ್ತಿ ತೆಗೆಯಬೇಕಾಯಿತು. ಮೂರು ತಿಂಗಳಲ್ಲೇ ಎರಡನೆಯ ಮುದ್ರಣ ಬೇಕಾದದ್ದೇ ಆ ಕಾಲಕ್ಕೆ ದೊಡ್ಡ ಸುದ್ದಿ.

ಪೂರ್ತಿ ಬೈಬಲ್ ಬರುವ ಹೊತ್ತಿಗೆ 1534 ಆಗಿತ್ತು. ಈ ಹನ್ನೆರಡು ವರ್ಷಗಳಲ್ಲಿ ಲೂಥರ್ ಒಬ್ಬನೇ ಕೂತು ಬರೆದವನಲ್ಲ. ಗ್ರೀಕ್ ಬಲ್ಲ ಮೆಲಾಂಕ್‌ಥೋನ್, ಹೀಬ್ರೂ ಬಲ್ಲ ಔರೋಗಾಲಸ್ ಮೊದಲಾದವರ ಕೂಟವೇ ಇತ್ತು. ಯೋಬನ ಗ್ರಂಥದ ಕೆಲವೇ ಸಾಲುಗಳಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಹಳೆಯ ಒಡಂಬಡಿಕೆಯಲ್ಲಿ ಬಲಿಯ ಕುರಿಯ ಒಳಾಂಗಗಳ ವಿವರ ಬಂದಾಗ ಲೂಥರ್ ಕಸಾಯಿಯವನಿಂದ ಕುರಿ ಕೊಯ್ಯಿಸಿ ಒಂದೊಂದು ಭಾಗದ ಹೆಸರನ್ನೂ ಕೇಳಿ ತಿಳಿದುಕೊಂಡನೆಂದು ಅವನ ಶಿಷ್ಯ ಮಾಥೇಸಿಯಸ್ ಹೇಳುತ್ತಾನೆ. ಮನೆಯ ತಾಯಂದಿರು, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯರು ಹೇಗೆ ಮಾತಾಡುತ್ತಾರೋ ಅದನ್ನು ನೋಡಿ ಅನುವಾದಿಸಬೇಕೆಂದು ಆತ 1530ರಲ್ಲಿ ಬರೆದ ಬಹಿರಂಗ ಪತ್ರದಲ್ಲಿ ವಾದಿಸಿದ್ದಾನೆ. ಆಡಳಿತದಲ್ಲಿ ಬಳಕೆಯಲ್ಲಿದ್ದ ಸ್ಯಾಕ್ಸನಿಯ ಕಚೇರಿ ಭಾಷೆಯ ಚೌಕಟ್ಟಿಗೆ ಈ ಬೀದಿಯ ಉಸಿರು ಸೇರಿ ಹುಟ್ಟಿದ ಬರಹದ ಭಾಷೆಯನ್ನು, ನೂರು ಉಪಭಾಷೆಗಳಲ್ಲಿ ಹರಿದು ಹಂಚಿದ್ದ ಜನ ಕ್ರಮೇಣ ತಮ್ಮದೆಂದು ಒಪ್ಪಿಕೊಂಡರು. ಎದುರಾಳಿಗಳೂ ಒಪ್ಪಿದರು. 1527ರಲ್ಲಿ ಹಿಯೆರೋನಿಮಸ್ ಎಮ್ಸರ್ ಕ್ಯಾಥೊಲಿಕ್ಕರಿಗಾಗಿ ಹೊರತಂದ ಹೊಸ ಒಡಂಬಡಿಕೆ ಬಹುಪಾಲು ಲೂಥರನದನ್ನೇ ತಿದ್ದಿದ್ದು.

ಅದೇ ಲೇಖನಿ 1525ರಲ್ಲಿ ದಂಗೆಯೆದ್ದ ರೈತರನ್ನು ಬಡಿದು ಕೊಲ್ಲಿರೆಂದು ದೊರೆಗಳಿಗೆ ಕರೆಕೊಟ್ಟಿತು. 1543ರಲ್ಲಿ ಯಹೂದ್ಯರ ಪ್ರಾರ್ಥನಾಲಯಗಳನ್ನು ಸುಡಬೇಕು, ಮನೆಗಳನ್ನು ಕೆಡವಬೇಕೆಂದು ಬರೆಯಿತು. ಆಡುಮಾತಿನ ಶಕ್ತಿಯನ್ನು ಕಂಡುಕೊಂಡ ಗದ್ಯ ದ್ವೇಷಕ್ಕೂ ಅಷ್ಟೇ ಹರಿತವಾಗಿ ಒದಗಿತು. ಲೂಥರನ ಜರ್ಮನ್ನನ್ನು ಹೊಗಳುವಾಗ ಈ ಎರಡು ಬರಹಗಳನ್ನು ಪಕ್ಕಕ್ಕೆ ಸರಿಸುವುದು ಸರಿಯಲ್ಲ.

ಟಿಂಡೇಲ್‌ನ ಕಥೆಗೆ ಮರಳೋಣ. ಗ್ಲಾಸ್ಟರ್‌ಶೈರಿನ ಈ ಆಕ್ಸ್‌ಫರ್ಡ್ ಪದವೀಧರ ಅನುವಾದಕ್ಕೆ ಅಪ್ಪಣೆ ಕೇಳಿಕೊಂಡು 1523ರಲ್ಲಿ ಲಂಡನ್ನಿನ ಬಿಷಪ್ ಕತ್‌ಬರ್ಟ್ ಟನ್‌ಸ್ಟಾಲ್‌ನ ಬಾಗಿಲಿಗೆ ಹೋಗಿದ್ದ. ಟನ್‌ಸ್ಟಾಲ್ ವಿದ್ವಾಂಸ, ಎರಾಸ್ಮಸ್‌ನ ಗೆಳೆಯ. ಮನೆಯಲ್ಲಿ ಜಾಗವಿಲ್ಲವೆಂದು ಹೇಳಿ ಕಳಿಸಿದ. ಬಟ್ಟೆ ವ್ಯಾಪಾರಿ ಹಂಫ್ರಿ ಮನ್‌ಮತ್ ಆಶ್ರಯ ಕೊಟ್ಟ. 1524ರಲ್ಲಿ ಟಿಂಡೇಲ್ ಹಡಗು ಹತ್ತಿದವನು ಮತ್ತೆ ತಾಯ್ನಾಡನ್ನು ನೋಡಲಿಲ್ಲ. ಕಲೋನಿನಿಂದ ಪಾರಾಗಿ ವೋರ್ಮ್ಸ್ ಸೇರಿದ ಮೇಲೆ, ಗುಟೆನ್‌ಬೆರ್ಗ್‌ನ ಜೊತೆಗಾರನಾಗಿದ್ದ ಪೀಟರ್ ಶೋಫರ್‌ನ ಮಗನ ಅಚ್ಚುಕೂಟದಲ್ಲಿ 1526ರಲ್ಲಿ ಇಂಗ್ಲಿಷ್ ಹೊಸ ಒಡಂಬಡಿಕೆ ಪೂರ್ತಿಯಾಯಿತು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ. ಬಟ್ಟೆಯ ಹೊರೆಗಳ ನಡುವೆ ಬಚ್ಚಿಟ್ಟುಕೊಂಡು ಅದು ಇಂಗ್ಲೆಂಡಿನ ಬಂದರುಗಳಿಗೆ ಬಂತು.

ಆ ವರ್ಷವೇ ಟನ್‌ಸ್ಟಾಲ್ ಅದನ್ನು ಸೇಂಟ್ ಪಾಲ್ ಚರ್ಚಿನ ಅಂಗಳದಲ್ಲಿ ಸುಡಿಸಿದ. ಸಿಕ್ಕಿದ್ದು ಸಾಲದೆ, ಆಂಟ್‌ವರ್ಪ್‌ನಲ್ಲಿ ವ್ಯಾಪಾರಿ ಅಗಸ್ಟಿನ್ ಪ್ಯಾಕಿಂಗ್‌ಟನ್ ಮೂಲಕ ಪ್ರತಿಗಳನ್ನು ಕೊಂಡು ಸುಡಲು ಹೊರಟ. ಪ್ಯಾಕಿಂಗ್‌ಟನ್ ಒಳಗೊಳಗೇ ಟಿಂಡೇಲ್‌ನ ಗೆಳೆಯ. ಬಿಷಪ್ಪನ ಹಣ ಟಿಂಡೇಲ್‌ನ ಸಾಲ ತೀರಿಸಿ, ತಿದ್ದಿದ ಮುದ್ರಣಕ್ಕೂ ದಾರಿಮಾಡಿತೆಂದು ಚರಿತ್ರಕಾರ ಎಡ್ವರ್ಡ್ ಹಾಲ್ ಬರೆದಿದ್ದಾನೆ. ವೋರ್ಮ್ಸ್‌ನ ಸಾವಿರಾರು ಪ್ರತಿಗಳಲ್ಲಿ ಇಂದು ಉಳಿದಿರುವುದು ಮೂರು. ಮುಖಪುಟ ಉಳಿದಿರುವ ಒಂದೇ ಪ್ರತಿ ಪತ್ತೆಯಾದದ್ದು 1996ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ಗ್ರಂಥಾಲಯದಲ್ಲಿ.

ಟಿಂಡೇಲ್‌ನ ಮೇಲೆ ಅತ್ಯಂತ ಕಟುವಾಗಿ ಬಿದ್ದವನು ಥಾಮಸ್ ಮೋರ್, 'ಯುಟೋಪಿಯಾ'ದ ಲೇಖಕ. ಗ್ರೀಕ್ ಮೂಲದ ಒಂದು ಪದಕ್ಕೆ ಟಿಂಡೇಲ್ 'ಚರ್ಚು' ಎನ್ನದೆ 'ಸಭೆ' ಎಂದಿದ್ದ. 'ಪಾದ್ರಿ' ಎನ್ನಬೇಕಾದಲ್ಲಿ 'ಹಿರಿಯ' ಎಂದಿದ್ದ. ಮೋರ್‌ಗೆ ಇದು ಗೊತ್ತಿದ್ದೇ ಮಾಡಿದ ದ್ರೋಹವೆನಿಸಿತು, ಮತ್ತು ಅವನ ದೃಷ್ಟಿಯಿಂದ ಅವನ ಆತಂಕ ನಿಜವೇ. ಆ ಎರಡು ಪದ ಬದಲಾದರೆ ರೋಮಿನವರೆಗಿನ ಅಧಿಕಾರದ ಮೆಟ್ಟಿಲು ಸಡಿಲವಾಗುತ್ತಿತ್ತು. ಇಬ್ಬರೂ ನೂರಾರು ಪುಟ ವಾದ ಮಾಡಿದರು, ಮತ್ತು ಇಂಗ್ಲಿಷಿನಲ್ಲೇ ಮಾಡಿದರು. ವಿದ್ವಾಂಸರು ಲ್ಯಾಟಿನ್ನಿನಲ್ಲಿ ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತಿದ್ದ ಪ್ರಶ್ನೆಗಳು ಅಂಗಡಿಯವನ ಕಿವಿಗೂ ಬಿದ್ದವು. ಮೋರ್ ಚಾನ್ಸಲರ್ ಆಗಿದ್ದಾಗ ಧರ್ಮದ್ರೋಹದ ಆರೋಪ ಹೊತ್ತವರು ಬೆಂಕಿಗೆ ಹೋದರು. 1535ರ ಜುಲೈಯಲ್ಲಿ, ರಾಜನನ್ನು ಚರ್ಚಿನ ಮುಖ್ಯಸ್ಥನೆಂದು ಒಪ್ಪದೆ, ಆತನೇ ತಲೆ ಕೊಟ್ಟ. ಆ ಹೊತ್ತಿಗೆ ಟಿಂಡೇಲ್ ಬ್ರಸೆಲ್ಸ್ ಹತ್ತಿರದ ವಿಲ್‌ವೋರ್ಡ್ ಕೋಟೆಯ ಸೆರೆಯಲ್ಲಿದ್ದ. ಹೆನ್ರಿ ಫಿಲಿಪ್ಸ್ ಎಂಬ ಇಂಗ್ಲಿಷ್ ತರುಣ ಗೆಳೆತನ ನಟಿಸಿ ಅವನನ್ನು ಹಿಡಿದುಕೊಟ್ಟಿದ್ದ.

ಸೆರೆಮನೆಯಿಂದ ಲ್ಯಾಟಿನ್ನಿನಲ್ಲಿ ಅವನು ಬರೆದ ಒಂದು ಪತ್ರ ಉಳಿದಿದೆ. ಚಳಿಗೆ ನೆಗಡಿ ಹಿಡಿದಿದೆ, ಬೆಚ್ಚನೆಯ ಟೊಪ್ಪಿ ಬೇಕು. ಇರುವ ಕೋಟು ತೆಳು, ಇನ್ನೊಂದು ಬೇಕು. ಕತ್ತಲಲ್ಲಿ ಒಬ್ಬನೇ ಕೂರುವುದು ಬೇಸರ, ಸಂಜೆಗೆ ಒಂದು ದೀಪ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹೀಬ್ರೂ ಬೈಬಲ್, ಹೀಬ್ರೂ ವ್ಯಾಕರಣ, ಹೀಬ್ರೂ ನಿಘಂಟು ಬೇಕು. ಹಳೆಯ ಒಡಂಬಡಿಕೆಯ ಕೆಲಸ ಇನ್ನೂ ಬಾಕಿಯಿತ್ತು. ಆ ಪತ್ರಕ್ಕಿಂತ ಮಿಗಿಲಾದ ಆತ್ಮಚರಿತ್ರೆ ಯಾವ ಅನುವಾದಕನದೂ ಇಲ್ಲ. 1536ರ ಅಕ್ಟೋಬರ್‌ನಲ್ಲಿ ಅವನ ಕತ್ತು ಬಿಗಿದು ಕೊಂದು ದೇಹವನ್ನು ಸುಟ್ಟರು. ಮೂರೇ ವರ್ಷಗಳಲ್ಲಿ, 1539ರಲ್ಲಿ, ರಾಜ ಎಂಟನೆಯ ಹೆನ್ರಿಯ ಆಜ್ಞೆಯಂತೆ ಪ್ರತಿ ಚರ್ಚಿನಲ್ಲೂ ಇಡಬೇಕಾದ ದೊಡ್ಡ ಇಂಗ್ಲಿಷ್ ಬೈಬಲ್ ಹೊರಬಂತು. ಅದರ ಬಹುಪಾಲು ಟಿಂಡೇಲ್‌ನದು; ಅವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ರಾಜ ಜೇಮ್ಸ್‌ನ ಅಪ್ಪಣೆಯಂತೆ ನಲವತ್ತಕ್ಕೂ ಹೆಚ್ಚು ವಿದ್ವಾಂಸರು ಆರು ತಂಡಗಳಾಗಿ ದುಡಿದು 1611ರಲ್ಲಿ ಹೊರತಂದ ಬೈಬಲನ್ನು ಇಂಗ್ಲಿಷ್ ಗದ್ಯದ ಶಿಖರವೆನ್ನುತ್ತಾರೆ. ಅದರ ಹೊಸ ಒಡಂಬಡಿಕೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಟಿಂಡೇಲ್‌ನ ಮಾತೇ ಎಂದು ಪದ ಪದ ಹೋಲಿಸಿ ನೋಡಿದವರು ಲೆಕ್ಕ ಹಾಕಿದ್ದಾರೆ. ಸಮಿತಿ ಬರೆದ ಏಕೈಕ ಮಹಾಕೃತಿ ಎಂದು ಅದನ್ನು ಕರೆಯುವುದುಂಟು. ನಾನು ಆ ಮಾತನ್ನು ಒಪ್ಪಲಾರೆ. ಆ ಗದ್ಯದ ಉಸಿರು ದೀಪ ಕೇಳಿದವನದು.

ಓದುವ ಹಕ್ಕು ದೊರೆತರೂ ಬಹುಕಾಲ ನಿಲ್ಲಲಿಲ್ಲ. 1543ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿ, ಕುಶಲಕರ್ಮಿಗಳು, ಅವರ ಕೈಕೆಳಗಿನ ಹುಡುಗರು, ಆಳುಗಳು, ಸಾಮಾನ್ಯ ಮನೆತನದ ಹೆಂಗಸರು ಇಂಗ್ಲಿಷ್ ಬೈಬಲ್ ಓದಕೂಡದೆಂದಿತು. ಕೆಲವೇ ವರ್ಷಗಳಲ್ಲಿ ಅದು ರದ್ದಾಯಿತು. ಆದರೆ ಆಳುವವರ ಭಯ ಯಾರ ಬಗ್ಗೆ ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ.

ಜರ್ಮನಿಯಲ್ಲಿ ಅಂತಹ ಒಬ್ಬ ಕುಶಲಕರ್ಮಿ ಆಗಲೇ ಹಾಡಲು ತೊಡಗಿದ್ದ. ನ್ಯೂರೆಂಬೆರ್ಗ್‌ನಲ್ಲಿ ಬೂಟು ಹೊಲಿಯುತ್ತಿದ್ದ ಹಾನ್ಸ್ ಝಾಕ್ಸ್ 1523ರಲ್ಲಿ ಲೂಥರನನ್ನು ವಿಟೆನ್‌ಬೆರ್ಗ್‌ನ ನೈಟಿಂಗೇಲ್ ಹಕ್ಕಿ ಎಂದು ಕರೆದ ದೀರ್ಘ ಪದ್ಯವನ್ನು ಅಚ್ಚುಹಾಕಿಸಿದ. ಮರುವರ್ಷ ಒಬ್ಬ ಬೂಟುಗಾರನೂ ಒಬ್ಬ ಪಾದ್ರಿಯೂ ಬೈಬಲಿನ ಬಗ್ಗೆ ವಾದಿಸುವ ಸಂವಾದ ಬರೆದ. ಗೆಲ್ಲುವವನು ಬೂಟುಗಾರ. 1527ರಲ್ಲಿ ನಗರಸಭೆ ಅವನನ್ನು ಕರೆದು, ನಿನ್ನ ಕಸುಬು ನೋಡಿಕೋ, ಇಂಥದ್ದನ್ನು ಅಚ್ಚು ಹಾಕಿಸಬೇಡ ಎಂದು ತಾಕೀತು ಮಾಡಿತು. ಆತ 1576ರಲ್ಲಿ ಸಾಯುವವರೆಗೆ ಸಾವಿರಾರು ಹಾಡು, ನೂರಾರು ನಾಟಕ ಬರೆದ. 1524ರಿಂದ ಅಚ್ಚಾಗತೊಡಗಿದ ಲೂಥರನ ಕೀರ್ತನೆಗಳು ಜನರ ಬಾಯಿಗೆ ಛಂದಸ್ಸನ್ನೇ ಕೊಟ್ಟವು. ಪುಸ್ತಕ ಕೊಳ್ಳಲಾರದವರಿಗೆ ಆ ಹಾಡುಗಳೇ ಬೈಬಲ್.

ಎರಡು ಸಾಹಿತ್ಯಗಳ ನಡುವಿನ ಕೊಡುಕೊಳ್ಳುವಿಕೆಗೆ ಫೌಸ್ಟ್‌ನ ಕಥೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. 1587ರಲ್ಲಿ ಫ್ರಾಂಕ್‌ಫರ್ಟ್‌ನ ಮುದ್ರಕ ಯೋಹಾನ್ ಶ್ಪೀಸ್ ಒಂದು ಅಗ್ಗದ ಗದ್ಯಕಥೆಯನ್ನು ಹೊರತಂದ: ವಿಟೆನ್‌ಬೆರ್ಗ್‌ನಲ್ಲಿ ದೇವತಾಶಾಸ್ತ್ರ ಓದಿದ ರೈತನ ಮಗ ಬೈಬಲನ್ನು ಮೂಲೆಗೆಸೆದು, ಇಪ್ಪತ್ನಾಲ್ಕು ವರ್ಷದ ಸುಖಕ್ಕೆ ಪಿಶಾಚಿಗೆ ಆತ್ಮವನ್ನು ಬರೆದುಕೊಡುತ್ತಾನೆ. ಭಕ್ತರನ್ನು ಎಚ್ಚರಿಸಲು ಬರೆದ ಲೂಥರನ್ ಪುಸ್ತಕವದು. ಅದರ ಇಂಗ್ಲಿಷ್ ರೂಪ ಲಂಡನ್ನಿನಲ್ಲಿ ನಾಟಕಕಾರ ಕ್ರಿಸ್ಟೊಫರ್ ಮಾರ್ಲೋನ ಕೈಗೆ ಸಿಕ್ಕಿತು. ಮಾರ್ಲೋ ಕೇಂಬ್ರಿಜ್‌ನಲ್ಲಿ ಓದಿದ್ದು ಚರ್ಚಿನ ಸೇವೆಗೆ ಹೋಗುವವರಿಗೆಂದು ಇಟ್ಟಿದ್ದ ವಿದ್ಯಾರ್ಥಿವೇತನದಲ್ಲಿ. ಅವನ ಫೌಸ್ಟಸ್ ನಾಟಕದ ಆರಂಭದಲ್ಲೇ ಬೈಬಲ್ ತೆರೆದು ಲ್ಯಾಟಿನ್ನಿನಲ್ಲಿ ಓದುತ್ತಾನೆ. ಪಾಪಕ್ಕೆ ಸಿಗುವ ಕೂಲಿ ಏನೆಂಬ ಅರ್ಧ ವಾಕ್ಯ ಓದಿ ನಿಲ್ಲಿಸುತ್ತಾನೆ. ದೇವರ ವರವನ್ನು ಹೇಳುವ ಉಳಿದರ್ಧವನ್ನು ಓದುವುದೇ ಇಲ್ಲ. ಆ ಅರ್ಧ ಏನೆಂದು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬೈಬಲ್ ಓದಿ ಬಂದ ಪ್ರೇಕ್ಷಕನಿಗೆ ಅದು ಬಾಯಿಪಾಠ. ಫೌಸ್ಟಸ್ ಬಿಟ್ಟುದನ್ನು ಸಭೆ ಮನಸ್ಸಿನಲ್ಲೇ ಪೂರ್ತಿ ಮಾಡಿಕೊಳ್ಳುತ್ತದೆ, ದುರಂತ ಅಲ್ಲಿಂದಲೇ ಶುರುವಾಗುತ್ತದೆ. ಟಿಂಡೇಲ್ ಇಲ್ಲದೆ ಈ ದೃಶ್ಯವಿಲ್ಲ. ಅಲೆಮಾರಿ ಇಂಗ್ಲಿಷ್ ನಟರು ಈ ನಾಟಕವನ್ನು ಮತ್ತೆ ಜರ್ಮನ್ ನಾಡುಗಳಿಗೆ ಒಯ್ದರು. 1608ರಲ್ಲಿ ಗ್ರಾಜ್ ಪಟ್ಟಣದಲ್ಲಿ ಆಡಿದ ದಾಖಲೆಯಿದೆ. ಅದು ಗೊಂಬೆಯಾಟವಾಗಿ ಊರೂರು ಸುತ್ತಿ, ಬಾಲಕ ಗಯಟೆಯ ಕಣ್ಣಿಗೆ ಬಿತ್ತು. 1808ರಲ್ಲಿ ಪ್ರಕಟವಾದ ಅವನ ಫೌಸ್ಟ್ ತನ್ನ ಓದುಕೋಣೆಯಲ್ಲಿ ಯೋಹಾನನ ಸುವಾರ್ತೆಯ ಮೊದಲ ವಾಕ್ಯವನ್ನು ಜರ್ಮನ್ನಿಗೆ ತರಲು ಒದ್ದಾಡುತ್ತಾನೆ, ವಾರ್ಟ್‌ಬುರ್ಗ್‌ನ ಲೂಥರನ ಹಾಗೆ.

ಮಾರ್ಲೋನ ಹೊತ್ತಿಗಾಗಲೇ ಇಂಗ್ಲೆಂಡಿನಲ್ಲಿ ಊರ ಜನ ಆಡುತ್ತಿದ್ದ ಹಳೆಯ ಬೈಬಲ್ ನಾಟಕಗಳನ್ನು ಅಧಿಕಾರಿಗಳು ಒಂದೊಂದಾಗಿ ನಿಲ್ಲಿಸಿದ್ದರು. ಯಾರ್ಕ್‌ನಲ್ಲಿ 1569ರದ್ದೇ ಕೊನೆಯ ಪ್ರದರ್ಶನ. 1606ರಲ್ಲಿ ವೇದಿಕೆಯ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ ದಂಡ ಎಂಬ ಕಾನೂನೂ ಬಂತು. ರಂಗದಿಂದ ದೇವರನ್ನು ಹೊರಗಿಟ್ಟ ಮೇಲೆ ಪಾಪ, ಕ್ಷಮೆ, ವಿಧಿಯ ಪ್ರಶ್ನೆಗಳೆಲ್ಲ ರಾಜಕುಮಾರರ, ಕೊಲೆಗಾರರ ಕಥೆಗಳೊಳಗೆ ಸೇರಿಕೊಂಡವು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ವಿಟೆನ್‌ಬೆರ್ಗ್‌ನ ವಿದ್ಯಾರ್ಥಿ. ಅವನ ತಂದೆಯ ಪ್ರೇತ ಬರುವುದು ಪ್ರೊಟೆಸ್ಟೆಂಟರು ನಿರಾಕರಿಸಿದ ಶುದ್ಧೀಕರಣ ಲೋಕದಿಂದ.

ಕ್ಯಾಥೊಲಿಕ್ಕರ ಕಡೆಯ ನೋವೂ ಕಡಿಮೆಯದಲ್ಲ. ಜೆಸೂಯಿಟ್ ಕವಿ ರಾಬರ್ಟ್ ಸೌತ್‌ವೆಲ್‌ನನ್ನು 1595ರಲ್ಲಿ ಗಲ್ಲಿಗೇರಿಸಿದರು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಜಾನ್ ಡನ್‌ನ ತಮ್ಮ ಒಬ್ಬ ಪಾದ್ರಿಯನ್ನು ಬಚ್ಚಿಟ್ಟ ತಪ್ಪಿಗೆ ಸೆರೆಮನೆಯಲ್ಲಿ ಸತ್ತ. ಡನ್ ಮುಂದೆ ಮತ ಬದಲಿಸಿ 1621ರಲ್ಲಿ ಸೇಂಟ್ ಪಾಲ್ ಚರ್ಚಿನ ಡೀನ್ ಆದ. ಅವನ ಪದ್ಯಗಳಲ್ಲಿ ದೇವರೊಡನೆ ನಡೆಯುವ ಜಗಳದ ಹಿಂದೆ ಈ ಮನೆಯ ಕಥೆಯಿದೆ. ಜರ್ಮನಿಯಲ್ಲಿ ಜೆಸೂಯಿಟ್ ಫ್ರೀಡ್ರಿಖ್ ಶ್ಪೇ ಸೊಗಸಾದ ಭಕ್ತಿಗೀತೆಗಳನ್ನು ಬರೆದವನು. ಮಾಟಗಾತಿಯರೆಂದು ಹೆಂಗಸರನ್ನು ಸುಡುವುದರ ವಿರುದ್ಧ 1631ರಲ್ಲಿ ಹೆಸರು ಹಾಕದೆ ಪುಸ್ತಕ ಹೊರತಂದವನೂ ಅವನೇ.

1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧ ಜರ್ಮನ್ ನಾಡುಗಳನ್ನು ಹಾಳುಗೆಡವಿತು. ಸಿಲೇಸಿಯಾದ ಆಂಡ್ರಿಯಾಸ್ ಗ್ರೀಫಿಯಸ್ ಲೂಥರನ್ ಪಾದ್ರಿಯ ಮಗ. ಹನ್ನೆರಡರ ಪ್ರಾಯದಲ್ಲಿ ತನ್ನವರನ್ನು ಊರಿನಿಂದ ಹೊರಹಾಕಿದ್ದನ್ನು ಕಂಡವನು. 1636ರ ಅವನ ಹೆಸರಾಂತ ಸಾನೆಟ್ ಬೆಂಕಿ, ಪ್ಲೇಗು, ಹೆಣಗಳಿಂದ ತುಂಬಿದ ನದಿಗಳನ್ನೆಲ್ಲ ಹೇಳಿ, ಕೊನೆಗೆ ಇವೆಲ್ಲಕ್ಕಿಂತ ಕೆಟ್ಟದ್ದು ಜನರ ನಂಬಿಕೆಯನ್ನೇ ಬಲವಂತದಿಂದ ಕಿತ್ತುಕೊಂಡದ್ದು ಎಂಬಲ್ಲಿ ನಿಲ್ಲುತ್ತದೆ. ಪೌಲ್ ಗೆರ್ಹಾರ್ಟ್ ಐವರು ಮಕ್ಕಳಲ್ಲಿ ನಾಲ್ವರನ್ನೂ ಹೆಂಡತಿಯನ್ನೂ ಕಳೆದುಕೊಂಡ. ಮತದ ವಿಷಯದಲ್ಲಿ ದೊರೆಯ ಆಜ್ಞೆಗೆ ಸಹಿ ಹಾಕದೆ ಬರ್ಲಿನ್ನಿನ ಕೆಲಸವನ್ನೂ ಕಳೆದುಕೊಂಡ. ಅವನ ಕೀರ್ತನೆಗಳು ಆ ಶತಮಾನದ ಜರ್ಮನ್ ಕಾವ್ಯದಲ್ಲೇ ಅತ್ಯಂತ ಶಾಂತವಾದವು. ಸಂಗೀತಗಾರ ಬಾಖ್ ತನ್ನ ಮತ್ತಾಯನ ಪ್ಯಾಶನ್‌ಗೆ ಅವನ ಪದ್ಯಗಳನ್ನು ತೆಗೆದುಕೊಂಡ.

ಇಂಗ್ಲೆಂಡಿನಲ್ಲೂ ಅಂತರ್ಯುದ್ಧ ಮುಗಿದು, ರಾಜನ ತಲೆ ಉರುಳಿ, ಮತ್ತೆ ರಾಜತ್ವ ಬಂದಿತ್ತು. ಸೋತ ಪಕ್ಷದ ಜಾನ್ ಮಿಲ್ಟನ್ ಕುರುಡನಾಗಿದ್ದ. ಬೆಳಿಗ್ಗೆ ಹೀಬ್ರೂ ಬೈಬಲನ್ನು ಓದಿಸಿಕೊಂಡು ಕೇಳಿ, ಪದ್ಯವನ್ನು ಬಾಯಲ್ಲಿ ಹೇಳಿ ಬರೆಸುತ್ತಿದ್ದ. 1667ರಲ್ಲಿ 'ಪ್ಯಾರಡೈಸ್ ಲಾಸ್ಟ್' ಕಾವ್ಯವನ್ನು ಮುದ್ರಕನಿಗೆ ಮಾರಿದಾಗ ಕೈಗೆ ಬಂದದ್ದು ಐದು ಪೌಂಡ್. ಬೆಡ್‌ಫರ್ಡ್‌ನ ಸೆರೆಮನೆಯಲ್ಲಿ ಜಾನ್ ಬನಿಯನ್ ಇದ್ದ: ಪಾತ್ರೆಗಳಿಗೆ ಬೆಸುಗೆ ಹಾಕುವ ಕಸುಬಿನವನು, ಅಪ್ಪಣೆಯಿಲ್ಲದೆ ಉಪದೇಶ ಮಾಡಿದ್ದಕ್ಕೆ 1660ರಿಂದ ಹನ್ನೆರಡು ವರ್ಷ ಒಳಗಿದ್ದವನು. ಹೆಂಡತಿ ಮಕ್ಕಳ ಹೊಟ್ಟೆಗೆಂದು ಅಲ್ಲಿ ಕೂತು ಬೂಟಿನ ಲಾಡಿ ತಯಾರಿಸುತ್ತಿದ್ದ. ಓದು ಬರಹ ಅಷ್ಟಕ್ಕಷ್ಟೇ ಇದ್ದ ಈ ಮನುಷ್ಯನ ಕೈಗೆ ಹಿಂದೊಮ್ಮೆ ಲೂಥರನ ಒಂದು ವ್ಯಾಖ್ಯಾನದ ಇಂಗ್ಲಿಷ್ ಅನುವಾದ ಸಿಕ್ಕಿತ್ತು. ಮುಟ್ಟಿದರೆ ಉದುರಿ ಬೀಳುವಂತಿದ್ದ ಆ ಹಳೆಯ ಪುಸ್ತಕದಲ್ಲಿ ತನ್ನದೇ ಸಂಕಟವನ್ನು ಯಾರೋ ಬರೆದಿಟ್ಟಂತೆ ಕಂಡಿತೆಂದು, ಬೈಬಲ್ ಒಂದನ್ನು ಬಿಟ್ಟರೆ ಗಾಯಗೊಂಡ ಮನಸ್ಸಿಗೆ ಅದಕ್ಕಿಂತ ಮೇಲಾದ ಪುಸ್ತಕವಿಲ್ಲವೆಂದು ಆತ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. 1678ರಲ್ಲಿ ಬಂದ ಅವನ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಕಥೆ ಬೆನ್ನಿಗೆ ಹೊರೆ ಹೊತ್ತು ನಡೆಯುವ ಒಬ್ಬ ಸಾಮಾನ್ಯನದು. ಅದರ ದಾರಿಯ ಕೆಸರು, ಸಂತೆ, ಗುಡ್ಡಗಳೆಲ್ಲ ಬೆಡ್‌ಫರ್ಡ್ ಸುತ್ತಿನವು, ಮಾತು ಟಿಂಡೇಲ್‌ನಿಂದ ಬಂದ ಬೈಬಲಿನದು. 1543ರ ಕಾನೂನು ಯಾರು ಓದಬಾರದೆಂದಿತ್ತೋ ಅಂಥವನೇ ಆ ಭಾಷೆಯ ಅತಿ ಹೆಚ್ಚು ಓದಿದ ಪುಸ್ತಕಗಳಲ್ಲಿ ಒಂದನ್ನು ಬರೆದ.

ಇಬ್ಬರ ಕೃತಿಗಳೂ ಜರ್ಮನ್ ಓದುಗರನ್ನು ತಲುಪಿದವು. ಜ್ಯೂರಿಖ್‌ನ ಬೋಡ್ಮರ್ 1732ರಲ್ಲಿ ಮಿಲ್ಟನನನ್ನು ಜರ್ಮನ್ ಗದ್ಯಕ್ಕೆ ತಂದ. ಅದನ್ನೋದಿದ ಕ್ಲೋಪ್‌ಸ್ಟಾಕ್ 1748ರಲ್ಲಿ ಕ್ರಿಸ್ತನ ಮೇಲಿನ ಮಹಾಕಾವ್ಯದ ಮೊದಲ ಮೂರು ಸರ್ಗಗಳನ್ನು ಪ್ರಕಟಿಸಿ ಜರ್ಮನ್ ಕಾವ್ಯಕ್ಕೆ ಹೊಸ ಎತ್ತರ ತೋರಿಸಿದ. ಬನಿಯನ್ನನ ಯಾತ್ರಿಕನನ್ನು ಜರ್ಮನಿಯ ಪಯಟಿಸ್ಟ್ ಭಕ್ತರು ಮನೆಮನೆಯಲ್ಲಿ ಓದಿದರು. ಆ ಪಯಟಿಸ್ಟ್ ಮನೆಗಳಿಂದಲೇ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಬನಿಯನ್ನನ ಕಥೆ ಕನ್ನಡಕ್ಕೆ ಬಂದದ್ದು ಅವರ ಮೂಲಕ. 1894ರಲ್ಲಿ ಮಂಗಳೂರಿನ ಅವರ ಅಚ್ಚುಕೂಟದಿಂದ ಕನ್ನಡ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟ್ಟೆಲ್, ಗ್ರೀಫಿಯಸ್‌ನ ಹಾಗೆ, ಲೂಥರನ್ ಪಾದ್ರಿಯೊಬ್ಬನ ಮಗ.